ಯಾರೂ ಕಲಿಸಿಲ್ಲ ಎಂದವಳು

ಮೋರಟಗಿಯಲ್ಲಿ ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಓಡಿಸುವುದೇ ಅಪರೂಪ. ಅಂಥದ್ದರಲ್ಲಿ ಗುರುಲಿಂಗಪ್ಪ ಗೌಡರ ಮಗಳು ಭುವನೇಶ್ವರಿ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗಳಲ್ಲಿ ಗಂಡಸರನ್ನು ಸೋಲಿಸತೊಡಗಿದಾಗ ಸುತ್ತಣ ಊರುಗಳಲ್ಲೆಲ್ಲ ಅವಳದೇ ಮಾತಾಯಿತು. ಟ್ರೇಲರ್ ಎಡಕ್ಕೆ ಹೊರಳಬೇಕೆಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಒಂದು ಗಳಿಗೆ ಮೈಮರೆತರೆ ಅದು ಮಡಚಿಕೊಂಡು ಸುಣ್ಣದ ಗೆರೆ ದಾಟಿಬಿಡುತ್ತದೆ.

ಈ ವಿದ್ಯೆ ಕಲಿಸಿದವನು ಅವರ ಮನೆಯ ಡ್ರೈವರ್ ಮೋದಿನಸಾಬ. ತೊಗರಿ ಕಟಾವಾದ ಹೊಲದಲ್ಲಿ ಅವಳನ್ನು ಸೀಟಿನ ಮೇಲೆ ಕೂರಿಸಿ, ತಾನು ಮಡ್‌ಗಾರ್ಡಿನ ಮೇಲೆ ಕುಳಿತು, "ಅಂಜಬ್ಯಾಡ ಯವ್ವಾ, ಚಕ್ರ ನೋಡಬ್ಯಾಡ, ಡಬ್ಬಿ ನೋಡು" ಎಂದು ಹಿಂದಿನ ಟ್ರೇಲರಿನತ್ತ ಕೈ ತೋರುತ್ತಿದ್ದ. ಅವಳು ಒಮ್ಮೆ ಬದುವಿಗೆ ಹತ್ತಿಸಿ ಟ್ರೇಲರಿನ ಕೊಂಡಿ ಮುರಿದಾಗ, "ನನ್ನ ಕೈಲೇ ಆತ್ರಿ ಗೌಡ್ರ" ಎಂದು ಬೈಗುಳವನ್ನೆಲ್ಲ ತಾನೇ ನುಂಗಿದ್ದ.

ಸಿಂದಗಿಯ ಟೈರ್ ಅಂಗಡಿಯ ಶ್ರೀಶೈಲ ಅವಳನ್ನು ಹುಡುಕಿಕೊಂಡು ಬಂದದ್ದು ಮೂರನೆಯ ಗೆಲುವಿನ ಮೇಲೆ. ಟೈರು ತನ್ನವು, ಓಡಾಟದ ಖರ್ಚು ತನ್ನದು; ಅವಳು ಅಂಗಡಿಯ ಹೆಸರಿನ ಅಂಗಿ ತೊಟ್ಟು ವಿಡಿಯೋಗಳಲ್ಲಿ ನಾಲ್ಕು ಮಾತಾಡಬೇಕು, ಅಷ್ಟೇ. ಮೊದಲ ವಿಡಿಯೋದಲ್ಲಿ ಅವಳು ಮೋದಿನಸಾಬನ ಹೆಸರು ಹೇಳಿದಳು. ಶ್ರೀಶೈಲ ಫೋನ್ ಕೆಳಗಿಳಿಸಿದ.

"ಅಕ್ಕಾರ, ಡ್ರೈವರ್ ಕಲಿಸಿದಾ ಅಂದ್ರ ಅದರಾಗ ಏನ್ ಐತ್ರಿ? ಯಾರೂ ಕಲಿಸಿಲ್ಲ, ನಾನಽ ಕಲ್ತೇನಿ ಅನ್ರಿ. ಮಂದಿ ಹುಚ್ಚೆದ್ದು ನೋಡತಾರ."

ಭುವನೇಶ್ವರಿ ಪಕ್ಕದಲ್ಲಿದ್ದ ತಂದೆಯ ಮುಖ ನೋಡಿದಳು. "ಅನ್ನು, ಏನಾಗತೈತಿ? ಅಂವ ನಮ್ಮ ಮನಿ ಆಳು. ಏನ್ ಅನಕೋತಾನ?" ಎಂದರು ಗುರುಲಿಂಗಪ್ಪ.

ಅವಳು ಅಂದಳು. ನಗುತ್ತ, ಕ್ಯಾಮೆರಾಕ್ಕೆ ಕಣ್ಣು ಕೊಟ್ಟು ಅಂದಳು.

ವಿಡಿಯೋ ಇಂಡಿಯಿಂದ ಬಾಗೇವಾಡಿಯವರೆಗೆ ಎಲ್ಲರ ಫೋನಿನಲ್ಲೂ ಹರಿದಾಡಿತು. ಮರುದಿನ ಮೋದಿನಸಾಬ ಎಂದಿನಂತೆ ಕೆಲಸಕ್ಕೆ ಬಂದು ಟ್ರ್ಯಾಕ್ಟರ್ ತೊಳೆದ. ಅವಳು ಹೊರಗೆ ಬಂದಾಗ ಎದ್ದು ನಿಂತು, ಟ್ರ್ಯಾಕ್ಟರಿನ ಕೀ ಮುಂದೆ ಹಿಡಿದು, "ಕಿಲ್ಲಿ ಎಲ್ಲಿಡ್ಲಿ ಅಕ್ಕಾರ?" ಎಂದು ಕೇಳಿದ. ಯವ್ವಾ ಅನ್ನುವ ಬಾಯಲ್ಲಿ ಅಕ್ಕಾರ ಎಂದು ಬಂದದ್ದೇ ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. ಬಾಗಿಲ ಪಕ್ಕದ ಮೊಳೆ ತೋರಿಸಿ ಒಳಗೆ ಹೋದಳು. ಆ ವಾರದ ಕೊನೆಗೆ ಅವನು ಕೆಲಸ ಬಿಟ್ಟು ಆಲಮೇಲದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಹೋದ.

ಮುದ್ದೇಬಿಹಾಳದ ಸ್ಪರ್ಧೆಯಲ್ಲಿ ಅವಳು ಮತ್ತೆ ಗೆದ್ದಳು. ಮೈಕು ಕೈಗೆ ಬಂದಾಗ ಧೈರ್ಯ ಮಾಡಿ, "ನಾ ಸುಳ್ಳ ಹೇಳಿದ್ದೆ. ನನಗ ಕಲಿಸಿದವರು ಮೋದಿನಸಾಬ ಕಾಕಾ" ಎಂದುಬಿಟ್ಟಳು. ಅಷ್ಟರಲ್ಲಿ ಶ್ರೀಶೈಲ ಮೈಕು ಕಿತ್ತುಕೊಂಡು ಕೂಗಿದ: "ನೋಡ್ರಿ ನಮ್ಮ ಅಕ್ಕಾರ ದೊಡ್ಡ ಮನಸು! ತಾವು ಸ್ವಂತ ಕಲ್ತು ಆಳಿಗೆ ಹೆಸರು ಕೊಡ್ತಾರ. ಹೊಡೀರಿ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಒಪ್ಪಿಕೊಂಡ ತಪ್ಪೂ ಅಂಗಡಿಯ ಜಾಹೀರಾತಾಗಿ ಹೋಯಿತು. ಅವಳು ಮೈಕು ಕಸಿದುಕೊಳ್ಳಬಹುದಿತ್ತು. ಕಸಿದುಕೊಳ್ಳಲಿಲ್ಲ, ತಲೆ ತಗ್ಗಿಸಿ ಹಾರ ಹಾಕಿಸಿಕೊಂಡಳು.

ಮರುದಿನ ಫೋನನ್ನು ಮನೆಯಲ್ಲೇ ಬಿಟ್ಟು ಮೋದಿನಸಾಬನ ಮನೆಗೆ ಹೋದಳು. ಅವನ ಹೆಂಡತಿ ರಹಿಮಾಬಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ.

"ಇವ್ರು ಊಟಾ ಬಿಟ್ಟು ಕುಂತಿದ್ರು ಅಂತ ಏನ್ ಹೇಳೂದಿಲ್ಲ, ಉಂಡ್ರು. ಆದ್ರ ಮೊದಲ ನೀ ಗೆದ್ದ ಒಂದೊಂದ ವಿಡಿಯೋ ಓಣಿ ಮಂದಿಗೆಲ್ಲಾ ತೋರಸ್ತಿದ್ರು. ಈಗ ತೋರಸೂದಿಲ್ಲ."

ಆ ದಿನ ಊರಿಗೆ ಬಂದಿದ್ದ ಮೋದಿನಸಾಬ ಒಳಗಿನಿಂದ ಬಂದ. ಭುವನೇಶ್ವರಿ ಕಾಲು ಮುಟ್ಟಲು ಬಾಗಿದಳು. ಅವನು ಹಿಂದೆ ಸರಿದ.

"ತಪ್ಪಾತು ಕಾಕಾ. ಅವರು ಹೇಳಂದ್ರಂತ..."

"ಹೇಳಂದವ್ರು ಅವರು ಖರೆ. ಹೇಳಿದವ್ರು ನೀವಲ್ಲೇನ್ರಿ?" ಎಂದ ಅವನು, ದನಿ ಏರಿಸದೆ. ಹೆಂಡತಿಗೆ ಚಹಾ ಇಡಲು ಸನ್ನೆ ಮಾಡಿ ಮಾತು ಮುಂದುವರಿಸಿದ: "ತಪ್ಪಾತು ಅಂದ್ರಿ, ಮುಗೀತು. ಮತ್ತ ಮತ್ತ ಅನಬ್ಯಾಡ್ರಿ. ಅಂದಷ್ಟೂ ನಾ ಅದನ್ನಽ ಕೇಳಬೇಕಾಗತೈತಿ. ಚಹಾ ಕುಡದು ಹೋಗ್ರಿ."

ಅವಳು ಚಹಾ ಕುಡಿದು ಬಂದಳು.

ಆಮೇಲೆ ಅವಳ ಒತ್ತಾಯಕ್ಕೆ ಶ್ರೀಶೈಲ ಆ ಸುಳ್ಳಿನ ವಿಡಿಯೋ ಅಳಿಸಿಹಾಕಿದ. ಮಂದಿಯ ಫೋನುಗಳಲ್ಲಿದ್ದದ್ದನ್ನು ಅಳಿಸುವವರಾರು? ಅಂಗಡಿಯ ಅಂಗಿಯನ್ನು ಮಾತ್ರ ಅವಳು ಬಿಡಲಿಲ್ಲ. ಟೈರು ಬೇಕಿತ್ತು, ಗೆಲ್ಲುವ ಆಸೆಯೂ ಇತ್ತು. ಅದನ್ನು ತೊಡುವಾಗಲೆಲ್ಲ ಕನ್ನಡಿಯ ಮುಂದೆ ನಿಲ್ಲದೆ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಕಳೆದ ತಿಂಗಳು ಇಂಡಿಯ ಸ್ಪರ್ಧೆಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ಮಗಳನ್ನು ಕರೆತಂದು, "ಈಕೀಗೂ ಕಲಿಬೇಕಂತರಿ. ಯಾರ ಕಡೆ ಕಳಸೂಣು?" ಎಂದು ಕೇಳಿದಳು. ಭುವನೇಶ್ವರಿ ಮೋದಿನಸಾಬನ ಹೆಸರು, ಊರು, ಓಣಿ ಎಲ್ಲವನ್ನೂ ಹೇಳಿದಳು.

"ನೀವಽ ಬಂದು ಒಂದ ಮಾತು ಹೇಳಿದ್ರ ಛಲೋ ಆಗತಿತ್ರಿ" ಎಂದಳು ಆ ತಾಯಿ.

"ನೀವಽ ಹೋಗ್ರಿ. ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ" ಎಂದಳು ಭುವನೇಶ್ವರಿ.