ಭರಮವ್ವನ ಕುಕ್ಕರಿನ ಹಿಡಿಕೆ

ಸವಣೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಾಜರಾಬಿ ಎಂಬ ಹೆಂಗಸಿದ್ದಳು. ಮುರಿದ ಪ್ಲಾಸ್ಟಿಕ್ ಸಾಮಾನು ಅಂಟಿಸಿ ಕೊಡುವುದು ಅವಳ ಕಸುಬು. ಕಸುಬು ಮಾಡಬೇಕೆಂದು ಹೊರಟು ಮಾಡಿದ್ದಲ್ಲ. ಗಂಡ ಬಂದೇಸಾಬ ಸ್ಟ್ಯಾಂಡಿನ ಎದುರು ಗೋಣಿತಟ್ಟು ಹಾಸಿ ಕೂತು ಕೊಡೆ, ಕೀಲಿ, ಬ್ಯಾಟರಿ ರಿಪೇರಿ ಮಾಡುತ್ತಿದ್ದ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಜನ ತರುವ ಸಾಮಾನೇ ಬದಲಾಯಿತು. ಚಷ್ಮಾದ ಕಡ್ಡಿ, ರೇಡಿಯೋದ ತಿರುಗಣೆ, ಸಾಬೂನಿನ ಡಬ್ಬಿ, ಮಕ್ಕಳ ಗೊಂಬೆಯ ಕೈ, ಎಲ್ಲವೂ ಪ್ಲಾಸ್ಟಿಕ್ಕಿನವು. ಬಂದೇಸಾಬ ಹುಬ್ಬಳ್ಳಿಯಿಂದ ಎರಡು ಟ್ಯೂಬಿನ ಅಂಟು ತಂದ. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಔಷಧ. ಎರಡನ್ನೂ ಸಮ ಸಮ ಕಲಸಿ ಹಚ್ಚಿ, ದಾರದಿಂದ ಬಿಗಿದು, ಒಂದು ಇಡೀ ದಿನ ಮುಟ್ಟದೆ ಬಿಡಬೇಕು. ಬಂದೇಸಾಬನಿಗೆ ಬಿಡುವ ತಾಳ್ಮೆ ಇರಲಿಲ್ಲ. ಅರ್ಧ ಆರಿದ್ದನ್ನೇ ಎತ್ತಿ ಎತ್ತಿ ನೋಡುತ್ತಿದ್ದ. ಹಾಗಾಗಿ ಅಂಟಿನ ಕೆಲಸ ಮನೆಗೆ ಬಂತು, ಹೆಂಡತಿಯ ಕೈಗೆ ಬಂತು.

ಅವಳ ಕೈಯೋ, ಅಂಥ ಕೈ. ಬೆಸುಗೆಯ ಜಾಗ ಬೆರಳಿಗೂ ಸಿಗುತ್ತಿರಲಿಲ್ಲ, ಕಣ್ಣಿಗೂ ಸಿಗುತ್ತಿರಲಿಲ್ಲ. ಕಪ್ಪು ಸಾಮಾನಾದರೆ ಅಂಟಿಗೆ ಕಾಡಿಗೆ ಬೆರೆಸುತ್ತಿದ್ದಳು, ಕೆಂಪಾದರೆ ಕುಂಕುಮ. ಒಣಗಿದ ಮೇಲೆ ಬ್ಲೇಡಿನಿಂದ ಹೆರೆದು, ಬಟ್ಟೆಯಿಂದ ಉಜ್ಜಿ ಕೊಟ್ಟರೆ, ಮುರಿದದ್ದೇ ಸುಳ್ಳು ಅನ್ನಬೇಕು. ಇದೇ ಕಾರಣಕ್ಕೆ ಅವಳ ಹಿತ್ತಲ ಬಾಗಿಲಿಗೆ ಹೆಂಗಸರು ಬರತೊಡಗಿದರು. ಗಂಡನ ಚಷ್ಮಾ ತುಳಿದವರು, ನಾದಿನಿಯ ಪೌಡರ್ ಡಬ್ಬಿ ಒಡೆದವರು, ಸೆರಗಿನಲ್ಲಿ ಮುಚ್ಚಿಕೊಂಡು ತಂದು, ಸೆರಗಿನಲ್ಲೇ ಮುಚ್ಚಿಕೊಂಡು ಒಯ್ಯುತ್ತಿದ್ದರು. ಅವರ ಮುಖದ ಮೇಲಿನ ಅಂಜಿಕೆ ಹೋಗುವುದನ್ನು ನೋಡುವುದು ಹಾಜರಾಬಿಗೆ ಬಹಳ ಇಷ್ಟವಿತ್ತು. ಅದರಲ್ಲೇ ಅವಳ ತಪ್ಪಿನ ಬೇರೂ ಇತ್ತು.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಸರೋಜವ್ವ ಒಂದು ಸಂತೆಯ ದಿನ ಹಾಗೆಯೇ ಹಿತ್ತಲ ಬಾಗಿಲಿಗೆ ಬಂದಳು. ಚೀಲದೊಳಗೆ ಒಂದು ಕುಕ್ಕರ್ ಇತ್ತು. ಅದರ ಉದ್ದನೆಯ ಕಪ್ಪು ಹಿಡಿಕೆ, ಸ್ಕ್ರೂ ಕೂರುವ ತೂತಿನ ಹತ್ತಿರ ಅಡ್ಡಕ್ಕೆ ಸೀಳಿ ಎರಡು ತುಂಡಾಗಿತ್ತು.

"ಅಕ್ಕಾ, ನಮ್ಮತ್ತೀದು ಇದು" ಎಂದಳು ಸರೋಜವ್ವ. ಕಣ್ಣು ತುಂಬಿದ್ದವು. "ತೊಳ್ಯಾಕ ಹೋಗಿ ಕಲ್ಲಿನ ಮ್ಯಾಲೆ ಕೆಡವಿದೆ. ಆಕೀ ಮಗ ದುಡದು ಮೊದಲ್ನೇ ಸಲ ಅವ್ವಗಂತ ತಂದಕೊಟ್ಟದ್ದು. ಊರಾಗ ಯಾರ ಮನ್ಯಾಗೂ ಇಲ್ಲ. ಬಂದವ್ರಿಗೆಲ್ಲ ತೋರಿಸ್ತಾಳ. ಆಕಿ ತಂಗಿ ಊರಿಗೆ ಹೋಗ್ಯಾಳ, ನಾಡದ ಬರ್ತಾಳ."

"ಹೊಸಾ ಹಿಡಿಕಿ ಹುಬ್ಬಳ್ಯಾಗ ಸಿಗತೈತಿ, ತಂಗಿ."

"ಹುಬ್ಬಳ್ಳಿಗೆ ಯಾಕ ಹೊಂಟಿ ಅಂತ ಮನ್ಯಾಗ ಕೇಳಿದ್ರ ಏನಂತ ಹೇಳಲಿ?"

ಹಾಜರಾಬಿ ಹಿಡಿಕೆಯನ್ನು ತಿರುಗಿಸಿ ನೋಡಿದಳು. ಆಗಲೇ ಅವಳಿಗೆ ಗೊತ್ತಾಗಿತ್ತು. ಹಿಂದಿನ ವರ್ಷ ಒಬ್ಬ ಅಗಸರವನ ಇಸ್ತ್ರಿಪೆಟ್ಟಿಗೆಯ ಹಿಡಿಕೆ ಅಂಟಿಸಿ ಕೊಟ್ಟಿದ್ದಳು. ಎರಡು ವಾರದಲ್ಲಿ ಅದು ವಾಪಸು ಬಂದಿತ್ತು. ಶಾಖ ತಗುಲಿ ಅಂಟು ಬೆಲ್ಲದ ಪಾಕದಂತೆ ಮೆತ್ತಗಾಗಿತ್ತು. "ಬಿಸಿ ಸಾಮಾನಿಗೆ ಇದು ನಡಿಯೂದಿಲ್ಲ, ಇನ್ನಮ್ಯಾಲೆ ತಗೋಬ್ಯಾಡ" ಎಂದು ಬಂದೇಸಾಬ ಆಗ ಹೇಳಿದ್ದ. ಆ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೂ ಎದುರಿಗೆ ಕೂತು ಅಳುವವಳಿಗೆ 'ಆಗೂದಿಲ್ಲ' ಎನ್ನಲು ಬಾಯಿ ಬರಲಿಲ್ಲ. ಹಾಜರಾಬಿಯ ಕೈಗೆ ಕೊಟ್ಟರೆ ಆಗದ್ದಿಲ್ಲ ಎಂದು ಜನ ಆಡುವ ಮಾತು ಕಿವಿಯಲ್ಲಿತ್ತು. ಅದನ್ನು ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಅಂಟಿಸಿದಳು. ಆ ಕೆಲಸವನ್ನು ಅವಳು ಹಿಂದೆಂದೂ ಮಾಡದಷ್ಟು ಚಂದ ಮಾಡಿದಳು. ಕಾಡಿಗೆ ಬೆರೆಸಿ, ಬಿಗಿದು ಕಟ್ಟಿ, ಬಿಸಿಲಿಗಿಟ್ಟು, ಹೆರೆದು, ಕೊಬ್ಬರಿ ಎಣ್ಣೆ ಹಚ್ಚಿ ಹೊಳಪು ಕೊಟ್ಟಳು. ಮರುದಿನ ಒಯ್ಯಲು ಬಂದ ಸರೋಜವ್ವ ಸೀಳು ಎಲ್ಲಿತ್ತೆಂದು ಹುಡುಕಿ ಹುಡುಕಿ ನಕ್ಕಳು.

"ಇದನ್ನ ಹಿಡಿಕಿ ಹಿಡದು ಎತ್ತಬ್ಯಾಡ, ತಂಗಿ" ಎಂದಳು ಹಾಜರಾಬಿ. "ಅರಿವಿ ಹಾಕಿ ತಳದಾಗ ಹಿಡಿ. ಜ್ವಾಕಿ."

"ಆತಕ್ಕ. ನೀ ಮಾತ್ರ ಇದನ್ನ ಯಾರ ಮುಂದೂ ಆಡಬ್ಯಾಡ. ನನ್ನ ಆಣಿ ಐತಿ ನೋಡು."

"ಇಲ್ಲ, ಆಡೂದಿಲ್ಲ."

ಸರೋಜವ್ವ ಹೇಳಿದಂತೆ ನಡೆದುಕೊಂಡಳು. ಕುಕ್ಕರ್ ಇಳಿಸುವ ಹೊತ್ತಿಗೆ ತಾನೇ ಅರಿವೆ ಹಿಡಿದು ಒಲೆಯ ಮುಂದೆ ಇರುತ್ತಿದ್ದಳು. ಸೊಸೆ ಇಷ್ಟೊಂದು ಕೆಲಸಗಾತಿಯಾದದ್ದು ಅತ್ತೆಗೆ ಸಂತೋಷವೇ ಆಗಿತ್ತು. ಆದರೆ ಎಚ್ಚರಿಕೆಯ ಮಾತು ತಿಳಿದಿದ್ದು ಒಬ್ಬಳಿಗೆ ಮಾತ್ರ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸರೋಜವ್ವ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದಾಗ, ಅತ್ತೆ ಭರಮವ್ವ ಬೇಳೆ ಬೇಯಿಸಿ, ಮುಚ್ಚಳ ತೆಗೆದು, ಸಾರಿನ ಗಡಿಗೆಗೆ ಬಗ್ಗಿಸಲೆಂದು ಹಿಡಿಕೆ ಹಿಡಿದು ಕುಕ್ಕರ್ ಎತ್ತಿದಳು. ಹಿಡಿಕೆ ಅಂಟಿಸಿದಲ್ಲೇ ಬಿಚ್ಚಿ, ಕುದಿಯುವ ಬೇಳೆ ಅವಳ ಎಡಗಾಲಿನ ಮೇಲೆ ಸುರಿಯಿತು.

ಇದನ್ನು ಹಾಜರಾಬಿಗೆ ಹೇಳಿದವಳು ಸರೋಜವ್ವನೇ. ಮುಂದಿನ ಸಂತೆಗೆ ಬಂದಿದ್ದಳು, ಕೂರಲಿಲ್ಲ.

"ಹಿಡಿಕಿ?" ಎಂದಳು ಹಾಜರಾಬಿ.

"ಬಿದ್ದಾಗ ಮುರೀತು ಅಂತ ತಿಳಕೊಂಡಾರ. ಅತ್ತಿನೂ ಹಂಗ ತಿಳಕೊಂಡಾಳ. ತನ್ನ ಕೈ ಜಾರಿತು ಅಂತಾಳ."

"ಹೇಳಿಬಿಡೋಣ, ತಂಗಿ. ನಾನ ಬಂದು ಹೇಳ್ತೇನಿ."

"ಬ್ಯಾಡಕ್ಕ!" ಸರೋಜವ್ವ ಅವಳ ಮುಂಗೈ ಹಿಡಿದಳು. "ಕಾಲು ಸುಟ್ಟಾಕಿ ನಾನು ಅಂತ ಆಗತೈತಿ. ನನ್ನ ತವರಮನೀಗೆ ಕಳಸ್ತಾರ. ಮಾತು ಕೊಟ್ಟೀದಿ ನೀ."

ಹಾಜರಾಬಿ ಸುಮ್ಮನಾದಳು. ಸುಮ್ಮನಾದದ್ದು ಸರೋಜವ್ವನಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ಖರೆಯಲ್ಲ ಎಂಬುದೂ ಗೊತ್ತಿತ್ತು. ಹಿತ್ತಲ ಬಾಗಿಲಿಗೆ ಯಾರೂ ಬರದೇ ಹೋದಾರೆಂಬ ಭಯ ಒಳಗೆ ಕೂತಿತ್ತು. ಅಂಟು ಕಲಸುವಾಗ ಕೈ ನಿಲ್ಲತೊಡಗಿತು. ಬೇಳೆ ಬೇಯುವ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಬಂದೇಸಾಬ "ಮೈಯಾಗ ಹುಷಾರಿಲ್ಲೇನು?" ಎಂದು ಕೇಳಿದರೆ ತಲೆನೋವು ಎನ್ನುತ್ತಿದ್ದಳು.

ಭರಮವ್ವನನ್ನು ಅವಳು ಅದುವರೆಗೆ ನೋಡಿರಲಿಲ್ಲ. ಚಳಿಗಾಲದಲ್ಲಿ ಆ ಹೆಂಗಸು ತಾನಾಗಿಯೇ ಅವಳ ಅಂಗಳಕ್ಕೆ ಬಂದಳು. ಎತ್ತರದ ಆಳು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಕಡ್ಡಿ ಮುರಿದ ಚಷ್ಮಾ ತಂದಿದ್ದಳು.

"ನೀನ ಏನವ್ವಾ ಹಾಜರಾಬಿ? ಹಿರೇಬೆಂಡಿಗೇರಿ ಭರಮವ್ವ ನಾನು. ಸ್ಟ್ಯಾಂಡಿನ್ಯಾಗ ನಿನ್ನ ಮನಿ ತೋರಿಸಿದ್ರು."

ಹೆಸರು ಕೇಳಿದ್ದೇ ಹಾಜರಾಬಿ ಕೈಯಲ್ಲಿದ್ದ ಅಂಟಿನ ಟ್ಯೂಬು ಕೆಳಗಿಟ್ಟಳು. ತಗ್ಗಿದ ದನಿಯಲ್ಲಿ "ಕುಂದರ್ರಿ ಅಮ್ಮಾರ" ಎಂದು ಚಾಪೆ ಹಾಸಿದಳು.

ಭರಮವ್ವ ಕಾಲು ಚಾಚಿ ಕೂತಳು. ಪಾದದಿಂದ ಮೊಣಕಾಲಿನ ಅರ್ಧದವರೆಗೆ ಚರ್ಮ ಬಿಳಿಚಿ, ಸುಕ್ಕುಗಟ್ಟಿತ್ತು. ಹಾಜರಾಬಿ ಅದರ ಕಡೆ ನೋಡಬಾರದೆಂದುಕೊಂಡಳು, ಆಗಲಿಲ್ಲ.

"ಅದ? ಬ್ಯಾಳಿ ಸುರಕೊಂಡೆ. ಕಾಲು ಮಾದು ಹೋತು, ಅದರ ಚಿಂತಿಲ್ಲ" ಎಂದಳು ಭರಮವ್ವ. ಎರಡೂ ಕೈ ಮುಂದೆ ಹಿಡಿದಳು. ಬೆರಳು ಸಣ್ಣಗೆ ನಡುಗುತ್ತಿದ್ದವು. "ಇವು ಹ್ವಾದ್ವು ನೋಡು. ಸುತ್ತಲ ಹಳ್ಳ್ಯಾಗ ಯಾರ ಮನ್ಯಾಗ ಮದಿವಿ ಆದ್ರೂ ಹೋಳಿಗಿ ಮಾಡಾಕ ನನ್ನ ಕರೀತಿದ್ರು. ಮಣದ ಬ್ಯಾಳಿ ಹಂಡೆ ಒಬ್ಬಾಕೀನ ಇಳಸ್ತಿದ್ದೆ. ಈಗ ತುಂಬಿದ ತಂಬಿಗಿ ಹಿಡ್ಯಾಕೂ ಅಂಜಿಕಿ. ಯಾವಾಗ ಜಾರತೈತೋ, ಯಾರ ಮ್ಯಾಲೆ ಸುರೀತೈತೋ. ಮೊಮ್ಮಗನ್ನ ಸೈತ ಎತ್ತಿಕೊಳ್ಳೂದಿಲ್ಲ ನಾ."

ಹಾಜರಾಬಿ ಚಷ್ಮಾ ತೆಗೆದುಕೊಂಡು ಮುರಿದ ಕಡ್ಡಿ ತಿರುಗಿಸಿ ನೋಡತೊಡಗಿದಳು.

"ಕೈಗೆ ಹಚ್ಚೂ ಅಂಟು ಇದ್ರ ಕೊಡವ್ವಾ" ಎಂದು ಭರಮವ್ವ ನಕ್ಕಳು. ನಗುವಾಗಲೂ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಆಗ ಹೇಳಬಹುದಿತ್ತು. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಹಾಜರಾಬಿ ಬಾಯಿ ತೆರೆದಳು ಕೂಡ. ಆದರೆ ಬಂದ ಮಾತು, "ಚಷ್ಮಾ ನಾಳಿಗೆ ಆಗತೈತ್ರಿ, ನಮ್ಮವ್ರ ಕಡೆ ಇಟ್ಟಿರ್ತೇನಿ, ತಗೊಂಡು ಹೋಗ್ರಿ" ಎಂಬುದು. ಭರಮವ್ವ ನೆಲಕ್ಕೆ ಕೈಯೂರಲು ಹಿಂಜರಿದು, ಗೋಡೆಗೆ ಬೆನ್ನು ಕೊಟ್ಟು ನಿಧಾನ ಎದ್ದು ಹೋದಳು.

ಅಂದು ಸಂಜೆ ಹಾಜರಾಬಿ ಒಲೆ ಹಚ್ಚಲಿಲ್ಲ. ಬಂದೇಸಾಬ ಬಂದಾಗ ಕತ್ತಲಲ್ಲಿ ಕೂತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಬೈಯುತ್ತಾನೆಂದುಕೊಂಡಿದ್ದಳು, ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವನು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅವಳ ಪಕ್ಕ ಕೂತ.

"ನೀ ಅಷ್ಟು ಚಂದ ಮಾಡದಿದ್ರ, ಬಿರುಕು ಕಾಣಿಸ್ತಿತ್ತು" ಎಂದ. "ಆಕಿ ನೋಡಿ ಎಚ್ಚರ ಆಗ್ತಿದ್ಲು."

ಅದು ಹಾಜರಾಬಿಗೆ ಹೊಳೆದಿರಲಿಲ್ಲ. ಕಾಡಿಗೆ, ಬ್ಲೇಡು, ಕೊಬ್ಬರಿ ಎಣ್ಣೆ, ಒಂದೊಂದೂ ಕಣ್ಣ ಮುಂದೆ ಬಂದವು.

"ಸರೋಜವ್ವಗ ಮಾತು ಕೊಟ್ಟೇನಿ."

"ಕೊಟ್ಟೀದಿ. ಆದ್ರ ಆ ಮುದುಕಿ ಏನ ತಪ್ಪ ಮಾಡ್ಯಾಳ? ಆಕೀ ಕೈ ಆಕೀಗೆ ತಿರಿಗಿ ಕೊಡಬೇಕಲ್ಲ."

ಎರಡು ದಿನ ಬಿಟ್ಟು ಹಾಜರಾಬಿ ಹಿರೇಬೆಂಡಿಗೇರಿಯ ಬಸ್ ಹತ್ತಿದಳು. ಮೊದಲು ಸರೋಜವ್ವನಿಗೆ ಹೇಳಿಯೇ ಮುಂದುವರಿಯಬೇಕೆಂದು ಅವಳ ಮನಸ್ಸಿನಲ್ಲಿತ್ತು. ಊರ ಬಾವಿಯ ಹತ್ತಿರವೇ ಸರೋಜವ್ವ ಸಿಕ್ಕಳು. ಇವಳನ್ನು ನೋಡಿದವಳೇ ಎಲ್ಲ ತಿಳಿದುಕೊಂಡು ಕೊಡ ಕೆಳಗಿಟ್ಟಳು.

"ಹೋಗಬ್ಯಾಡಕ್ಕ. ಕಾಲ ಬೀಳ್ತೇನಿ."

"ತಂಗಿ, ತಪ್ಪೆಲ್ಲ ನನ್ನ ಮ್ಯಾಲೆ ಹಾಕ್ಕೋತೇನಿ. ಖರೇನೂ ಅದ ಐತಿ. ಅದು ತಾಳೂದಿಲ್ಲ ಅಂತ ನನಗ ಗೊತ್ತಿತ್ತು, ನಿನಗ ಗೊತ್ತಿರಲಿಲ್ಲ. ಆದ್ರ ನಿಮ್ಮತ್ತಿ ತನ್ನ ಕೈಗೆ ತಾ ಅಂಜಾಕತ್ತಾಳ. ಅದನ್ನ ನೋಡಿಕೋತ ಹ್ಯಾಂಗ ಇರ್ತಿ ನೀ?"

ಸರೋಜವ್ವ ಕೊಡ ಅಲ್ಲೇ ಬಿಟ್ಟು, ಅವಳ ಹಿಂದೆ ಬಂದಳು.

ಭರಮವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬೀಳದ, ಒಡೆಯದ, ಸುಡದ ಕೆಲಸಗಳಷ್ಟೇ ಈಗ ಅವಳ ಪಾಲಿಗಿದ್ದವು. ಹಾಜರಾಬಿ ಕೂರಲಿಲ್ಲ. ನಿಂತೇ ಹೇಳಿದಳು. ಹಿಡಿಕೆ ಮೊದಲೇ ಮುರಿದಿತ್ತು, ನಾನು ಅಂಟಿಸಿದೆ, ಬಿಸಿಗೆ ತಡೆಯುವುದಿಲ್ಲ ಎಂದು ಗೊತ್ತಿದ್ದೂ ಅಂಟಿಸಿದೆ, ಮುರಿದದ್ದು ಕಾಣದ ಹಾಗೆ ಮಾಡಿದೆ. ಮುರಿದವರು ಯಾರೆಂದು ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ. ಬಾಗಿಲ ಬಳಿ ನಿಂತ ಸೊಸೆಯ ಮುಖದಲ್ಲಿ ಅದಿತ್ತು.

ಭರಮವ್ವ ಸುಲಿಯುವುದನ್ನು ನಿಲ್ಲಿಸಿದಳು. ಆಮೇಲೆ ಕೇಳಿದಳು, "ನಾ ಎತ್ತಿದಾಗ ಅದು ತಾನ ಬಿಚ್ಚಿತು?"

"ಹೌದ್ರಿ."

"ನನ್ನ ಕೈ ಜಾರಲಿಲ್ಲ?"

"ಇಲ್ರಿ ಅಮ್ಮಾರ. ನಿಮ್ಮ ಕೈ ಜಾರಲಿಲ್ಲ."

ಮುದುಕಿ ಎದ್ದಳು. ಮಡಿಲಿನ ಕಾಳು ನೆಲದ ತುಂಬ ಚೆಲ್ಲಿದವು. "ನನ್ನ ತಂಗಿ ಮಗಳ ಮದಿವ್ಯಾಗ ಒಲಿ ಮುಂದ ಹೋಗಲಿಲ್ಲ ನಾ! ಮೂಲ್ಯಾಗ ಕುಂತು ಅತ್ತೆ. ಮೊಮ್ಮಗ ಕೈ ಚಾಚಿದ್ರ ಬ್ಯಾಡ ಅಂದು ಮಾರಿ ತಿರಿವಿದೆ. ಮೊನ್ನೆ ನಿನ್ನ ಅಂಗಳದಾಗ ಕುಂತು ಕೈ ತೋರಿಸಿದೆ, ಆಗೂ ಸುಮ್ಮನ ಇದ್ದೆಲ್ಲ ನೀ?" ಎಂದು ಕೂಗಿದಳು. ಓಣಿಯ ಜನ ಹೊರಗೆ ಬಂದು ನಿಂತರು. "ಕಾಲು ಸುಟ್ಟಿದ್ದು ಸುಟ್ಟಿಲ್ಲ ನನಗ. ಇದು ಸುಟ್ಟೈತಿ. ನಡಿ ನನ್ನ ಮನಿ ಮುಂದಿಂದ."

ಹಾಜರಾಬಿ ತಲೆ ತಗ್ಗಿಸಿ ಹೊರಟಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತು ಬಾಯಲ್ಲೇ ಉಳಿಯಿತು. ಹಿಂದಿನಿಂದ ಭರಮವ್ವ ಸೊಸೆಗೆ ಬೈಯುವುದು ಊರ ಹೊರಗಿನವರೆಗೂ ಕೇಳುತ್ತಿತ್ತು.

ಸರೋಜವ್ವನನ್ನು ಯಾರೂ ತವರಿಗೆ ಕಳಿಸಲಿಲ್ಲ. ಅತ್ತೆ ಹೋಳಿಹುಣ್ಣಿಮೆಯವರೆಗೆ ಅವಳೊಡನೆ ಮಾತು ಬಿಟ್ಟಳು, ಅಷ್ಟೆ. ಮಾತು ಬಿಟ್ಟವಳು ಒಲೆಯ ಮುಂದಿನ ಜಾಗವನ್ನು ಮಾತ್ರ ಮರುದಿನವೇ ಹಿಡಿದಳು. ಬೇಸಿಗೆಯ ಮದುವೆಗಳಿಗೆ ಅವಳು ಮತ್ತೆ ಹೋಳಿಗೆ ಮಾಡಲು ಹೋದಳೆಂದು ಆ ಕಡೆಯ ಗಿರಾಕಿಯೊಬ್ಬ ಬಂದೇಸಾಬನಿಗೆ ಹೇಳಿದ. ಕಾಲಿನ ಕಲೆಯ ಬಗ್ಗೆ ಯಾರಾದರೂ ಕೇಳಿದರೆ, "ಸವಣೂರ ಹಾಜರಾಬಿ ಅಂಟಿನ ಕೆಲಸ ಇದು" ಎಂದು ಊಟದ ಪಂಕ್ತಿಯ ನಡುವೆಯೇ ಹೇಳುತ್ತಾಳೆಂದೂ ಹೇಳಿದ. ಹಿರೇಬೆಂಡಿಗೇರಿಯಿಂದ, ಅದರ ಆಸುಪಾಸಿನಿಂದ ಹೆಂಗಸರು ಬರುವುದು ನಿಂತಿತು.

"ಇಷ್ಟು ಊರೂರಿಗೆ ಸಾರಬೇಕಿತ್ತೇನು ಆಕಿ?" ಎಂದ ಬಂದೇಸಾಬ.

"ಸಾರಲಿ ಬಿಡ್ರಿ" ಎಂದಳು ಹಾಜರಾಬಿ. "ಇಷ್ಟು ದಿನ ನನ್ನ ತಪ್ಪು ತನ್ನ ಮ್ಯಾಲೆ ಹೊತ್ಕೊಂಡಿದ್ಲಲ್ಲ."

ಅವಳು ಕೆಲಸ ಬಿಡಲಿಲ್ಲ. ಆದರೆ ಕಾಡಿಗೆ, ಕುಂಕುಮ ಬೆರೆಸುವುದನ್ನು ಬಿಟ್ಟಳು. ಬೆಸುಗೆ ಕಾಣುವಂತೆಯೇ ಇರುತ್ತಿತ್ತು. ಬಿಸಿ ಸಾಮಾನು ತಂದವರಿಗೆ ಆಗುವುದಿಲ್ಲ ಎನ್ನುತ್ತಿದ್ದಳು. ಅವಳ ಕೈ ಕೆಟ್ಟಿತೆಂದು ಕೆಲವರು, ಸೊಕ್ಕು ಬಂತೆಂದು ಕೆಲವರು ಆಡಿಕೊಂಡರು.

ಎಂಬತ್ತರ ದಶಕದ ನಡುವೆ ಒಮ್ಮೆ ಶಿಗ್ಗಾಂವಿಯ ಸ್ಟ್ಯಾಂಡಿನಲ್ಲಿ ಸರೋಜವ್ವ ಎದುರಾದಳು. ಮೈ ತುಂಬಿಕೊಂಡಿದ್ದಳು. ಮುಖ ತಿರುಗಿಸಿ ಹೋಗುತ್ತಾಳೆಂದು ಹಾಜರಾಬಿ ದಾರಿ ಬಿಟ್ಟು ನಿಂತಳು. ಸರೋಜವ್ವ ನಿಂತಳು.

"ನೀ ಹೇಳಿದ್ದು ಛಲೋ ಆತು ಅಂತ ನಾ ಅನ್ನೂದಿಲ್ಲಕ್ಕ" ಎಂದಳು. "ಆ ವರ್ಷ ನಾ ಅನುಭವಿಸಿದ್ದು ನನಗ ಗೊತ್ತು."

"ಹೌದು ತಂಗಿ."

"ಆದ್ರ ನಿನ್ನೆ ಅತ್ತಿ ನನ್ನ ಸಣ್ಣ ಮಗಳಿಗೆ ನೀರು ಎರದ್ಲು. ಕೂಸಿನ್ನ ಕಾಲ ಮ್ಯಾಲೆ ಹಾಕ್ಕೊಂಡು, ಕುದಿ ನೀರು ಹದಾ ಮಾಡಿ, ತಾನ." ಸ್ವಲ್ಪ ತಡೆದು, "ಬರ್ತೇನಿ" ಎಂದಳು.

ಬಸ್ಸು ಬಂದಿತ್ತು. ಹಾಜರಾಬಿ ಅವಳ ಗಂಟನ್ನು ಕಿಟಕಿಯಿಂದ ಎತ್ತಿಕೊಟ್ಟಳು, ಸರೋಜವ್ವ ತೆಗೆದುಕೊಂಡಳು.