ಶೀನಣ್ಣನ ಕಣ್ಣು, ನನ್ನ ಸಾಕ್ಷಿ

ಮುಚ್ಚಳ ಬಿಚ್ಚಿದವನು ನಾನು. ಶೀನಣ್ಣ ಅಲ್ಲ. ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳು.

ನಾವಿಬ್ಬರೂ ಕುಂದಾಪುರದ ಕಡೆ, ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದೆವು. ಶೀನಣ್ಣ ಬಿಜೂರಿನವನು, ನನಗಿಂತ ತುಂಬ ದೊಡ್ಡವನು. ನನಗೆ ಕೆಲಸ ಕಲಿಸಿದವನೂ ಅವನೇ. ಐಸ್ ಗಡ್ಡೆ ಪುಡಿ ಮಾಡುವ ಮಿಶನ್ನಿನ ಬಾಯಿಗೆ ತಗಡಿನ ಮುಚ್ಚಳ ಇರುತ್ತದೆ, ಚೂರು ಹೊರಗೆ ಹಾರಬಾರದು ಅಂತ. ಅದು ಇದ್ದರೆ ಗಡ್ಡೆಯನ್ನು ಎರಡು ತುಂಡು ಮಾಡಿ ಹಾಕಬೇಕು. ಬಿಚ್ಚಿದರೆ ಇಡೀ ಗಡ್ಡೆ ನುಗ್ಗಿಸಬಹುದು. ಅವಸರ ಇದ್ದಾಗೆಲ್ಲ ಬಿಚ್ಚುತ್ತಿದ್ದೆವು.

ಅವತ್ತು ಬೆಳಿಗ್ಗೆ ಒಂದು ಬೋಟು ಕಾಯುತ್ತಿತ್ತು. ನೀರು ಇಳಿಯುವ ಮೊದಲು, ನದಿ ಸಮುದ್ರ ಸೇರುವ ಅಳಿವೆ ದಾಟಬೇಕು, ಇಲ್ಲದಿದ್ದರೆ ಮರಳಿಗೆ ಕೂರುತ್ತದೆ. ಬೋಟಿನವನು ಹೊರಗಿನಿಂದ ಕೂಗಿದ.

"ಹ್ವಾಯ್, ನಿಮ್ಮ್ ಐಸ್ ಬಪ್ಪೊತ್ತಿಗೆ ನಾವ್ ಮುದ್ಕರ್ ಆತೊ!"

ಪ್ಲಾಂಟಿನ ಧಣಿ ಬಂದು ನನಗೆ ಹೇಳಿದರು. "ಮುಚ್ಚಳ ತೆಗಿ ಮಾರಾಯಾ. ಎಂತ ಕಾಣ್ತಾ ನಿಂತಿದ್ದೆ?" ಹೇಳಿ ಹೊರಗೆ ಹೋದರು.

ನಾನು ಬಿಚ್ಚಿದೆ. ಎದುರಿಗೆ ಬುಟ್ಟಿ ಹಿಡಿದಿದ್ದ ಶೀನಣ್ಣ "ಬ್ಯಾಡ ತಮಾ, ಚೂರ್ ಹಾರತ್ತ್" ಅಂದ. ನಾನು ಕೇಳಲಿಲ್ಲ. ಎರಡನೇ ಗಡ್ಡೆ ಹಾಕಿದ್ದೇ — ಅವನು ಮುಖ ಹಿಡಿದುಕೊಂಡು ಕೂತುಬಿಟ್ಟ. ಎಡಗಣ್ಣು. ಹೊಡೆದ ಚೂರು ಅವನ ಕೈಬೆರಳಿನ ಸಂದಿನಲ್ಲೇ ಕರಗಿ ನೀರಾಯಿತು. ಅವನನ್ನು ಬಿಟ್ಟರೆ ಕಂಡವನು ನಾನೊಬ್ಬನೇ.

ಆ ಕಣ್ಣು ಮತ್ತೆ ಬರಲಿಲ್ಲ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಧಣಿ ನನ್ನ ಕೈಯಲ್ಲೇ ಮುಚ್ಚಳ ವಾಪಸು ಹಾಕಿಸಿದರು. ಮುಂದೆ ಶೀನಣ್ಣ ಪರಿಹಾರಕ್ಕೆ ಕೇಸು ಹಾಕಿದಾಗ ಧಣಿ ನನ್ನನ್ನು ಕರೆದರು.

"ಶೀನನೇ ಬಿಚ್ಚಿದ್ದ್ ಅಂತ ಹೇಳ್. ಪೆಟ್ಟಾದವ್ನೇ ಬೇಕಂತ್ಲೇ ಬಿಚ್ರೆ ನಾ ಪರಿಹಾರ ಕೊಡುಕಿಲ್ಲೆ. ಬಿಚ್ಚಿದ್ದ್ ನೀನ್ ಅಂತ ಆರೆ, ನಿನ್ ಕೆಲ್ಸ ಇಲ್ಲೆ ಕಾಣ್."

ಹೆದರಿದೆ ಅಂತ ಬರೆಯಬಹುದು. ಹೆದರಿಕೆ ಇತ್ತು — ಆದರೆ ಅಷ್ಟೇ ಅಲ್ಲ. ಕೆಲಸ ಉಳಿಯುತ್ತದೆ ಅಂತ ಒಳಗೆ ಖುಷಿಯೂ ಆಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಕೋರ್ಟಿನಲ್ಲಿ ಮೊದಲು ಶೀನಣ್ಣನನ್ನು ಕೇಳಿದರು. ಮುಚ್ಚಳ ಇರಲಿಲ್ಲ ಅಂದ. ಬಿಚ್ಚಿದ್ದು ಯಾರು ಅಂತ ಕೇಳಿದ್ದಕ್ಕೆ "ನಾ ಕಾಣ್ಲಿಲ್ಲೆ" ಅಂದ. ಕಂಡಿದ್ದ. ನನ್ನ ಹೆಸರು ಬಾರದ ಹಾಗೆ ನೋಡಿಕೊಂಡ, ಅಷ್ಟೇ. ಆಮೇಲೆ ನಾನು ಕಟಕಟೆ ಹತ್ತಿ ಅವನ ಹೆಸರು ಹೇಳಿದೆ.

ಹೊರಗೆ ವರಾಂಡದಲ್ಲಿ ಅವನು ಬೈಯಲಿಲ್ಲ. "ನಿಂಗ್ ಎರಡ್ ಕಣ್ಣಿತ್ತಲೆ. ನೀನೇ ಸಮಾ ಕಂಡಿರ್ಕ್" ಅಂದ. ಅರ್ಜಿ ವಜಾ ಆಯಿತು.

ಮೂರು ವರ್ಷ ಆಯಿತು. ಅವನು ಈಗ ಬಲೆ ರಿಪೇರಿಗೆ ಹೋಗುತ್ತಾನೆ. ಒಂದೇ ಕಣ್ಣಲ್ಲಿ ದೂರ ಹತ್ತಿರ ತಿಳಿಯುವುದಿಲ್ಲ, ಸೂಜಿ ಬೆರಳಿಗೇ ಚುಚ್ಚುತ್ತದೆ. ಬೈಂದೂರಿನಲ್ಲಿ ಒಂದು ದಿನ ದೂರದಿಂದ ಕಂಡೆ. ಮಾತಾಡಿಸಬೇಕು ಅಂತ — ಆಗಲಿಲ್ಲ, ಬಸ್ಸು ಹತ್ತಿ ಬಂದೆ.

ಹೈಕೋರ್ಟಿನಲ್ಲಿ ಅವನ ಅಪೀಲು ಇನ್ನೂ ಇದೆ. ಮೊನ್ನೆ ನಾನೇ ಅವನ ವಕೀಲರ ಆಫೀಸಿಗೆ ಹೋಗಿ ಎಲ್ಲ ಹೇಳಿದೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನನ್ನ ಮೇಲೂ ಕೇಸು ಆಗಬಹುದು, ನಾನು ಬರೆದುಕೊಟ್ಟರೂ ಅವನು ಗೆದ್ದೇ ಗೆಲ್ಲುತ್ತಾನೆ ಅಂತ ಇಲ್ಲ, ಅಂದರು. ಆಗಲಿ ಅಂದೆ. ಅವರು ಫೋನು ಮಾಡಿ ಶೀನಣ್ಣನನ್ನು ಕರೆಸಿದರು.

ಅವನು ಬಂದ. "ಈಗ ಎಂತಕೆ ಬಂದದ್ದ್?" ಅಂತ ಒಂದೇ ಮಾತು.

ತಪ್ಪಾಯಿತು ಅಣ್ಣಾ ಅಂತ ಹೇಳಲು ದಾರಿಯುದ್ದಕ್ಕೂ ಕಲಿತುಕೊಂಡು ಹೋಗಿದ್ದೆ. ಅದರ ಬದಲು "ಸಹಿ ಹಾಕುಕೆ" ಅಂದೆ. ಅವನು ಕುರ್ಚಿ ತಿರುಗಿಸಿಕೊಂಡು, ನಾನು ಅವನಿಗೆ ಕಾಣದ ಹಾಗೆ, ಹೋದ ಎಡಗಣ್ಣು ನನ್ನ ಕಡೆಗೆ ಮಾಡಿ ಕೂತ.

ವಕೀಲರು ಕಾಗದ ಓದಿ ಹೇಳಿದರು. ಸಹಿ ಹಾಕಿದೆ. ಇನ್ನು ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ.