ಅಮೆರಿಕದ ಕತೆಗೆ ನಮ್ಮೂರಿನ ಮಾತು

ಲಂಡನ್ನಿನ ಕೊಲಿಂಡೇಲ್‌ನ ನಮ್ಮ ಫ್ಲಾಟಿಗೆ ಹತ್ತಿರದಲ್ಲೇ ಒಂದು ಲೈಬ್ರರಿ ಇದೆ. ಅಲ್ಲಿ ಬುಧವಾರ ಬೆಳಗ್ಗೆ ಒಂದಷ್ಟು ಜನ ಸೇರಿ ಕತೆ ಓದುತ್ತಾರೆ ಎಂದು ನೋಟೀಸ್ ಬೋರ್ಡಿನಲ್ಲಿ ನೋಡಿ ಹೋದೆ. ಮಗಳು ಆಗಷ್ಟೇ ಸ್ಕೂಲಿಗೆ ಸೇರಿದ್ದಳು. ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಗಿತ್ತು. ಕತೆಗಿಂತ ಹೆಚ್ಚಾಗಿ ನನಗೆ ಮನುಷ್ಯರ ಸದ್ದು ಬೇಕಿತ್ತು.

ಆ ಚಳಿಗಾಲ ಪೂರ್ತಿ ಅವರು ಅಮೆರಿಕದ ಸಣ್ಣ ಕತೆಗಳನ್ನೇ ಇಟ್ಟುಕೊಂಡಿದ್ದರು. ನಡೆಸುವವರು ರಿಟೈರಾದ ಇಂಗ್ಲಿಷ್ ಮೇಷ್ಟ್ರು. ಇಲ್ಲಿಯವರೇ ಆದರೂ ಅಮೆರಿಕದ ಕತೆಗಾರರೆಂದರೆ ಅವರಿಗೆ ಪ್ರಾಣ. ವಾರಕ್ಕೊಂದು ಕತೆಯ ಜೆರಾಕ್ಸ್ ಹಂಚುತ್ತಿದ್ದರು. ಒಬ್ಬೊಬ್ಬರು ಒಂದೊಂದು ಪುಟ ಗಟ್ಟಿಯಾಗಿ ಓದಬೇಕು. ನನ್ನ ಸರದಿ ಬಂದಾಗ ಬೆವರುತ್ತಿದ್ದೆ. ಆ ಕತೆಗಳ ಜನ ಅರ್ಧ ಶಬ್ದ ನುಂಗಿ ಮಾತಾಡುತ್ತಿದ್ದರು. ವ್ಯಾಕರಣವೂ ಇರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಹೀಗೆ ಮಾತಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಒಂದು ದಿನ ಕೇಳಿಯೇ ಬಿಟ್ಟೆ, ಇಷ್ಟು ದೊಡ್ಡ ಕತೆಗಾರರು ತಪ್ಪು ಇಂಗ್ಲಿಷ್ ಯಾಕೆ ಬರೆಯುತ್ತಾರೆ ಎಂದು. ಮೇಷ್ಟ್ರು ನಗಲಿಲ್ಲ. ಅಮೆರಿಕದ ದಕ್ಷಿಣದ ಸಣ್ಣ ಪಟ್ಟಣದವರು, ನಡುನಾಡಿನ ಗೋಧಿ ಹೊಲದವರು, ಬಂದರಿನ ಕೂಲಿಗಳು, ಹಡಗಿನಲ್ಲಿ ಬಂದಿಳಿದ ವಲಸಿಗರು, ಇವರೆಲ್ಲ ತಮ್ಮ ಅಡುಗೆಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೇ ಬರೆಯಲು ಹೊರಟಾಗ ಆ ದೇಶದ ಕತೆ ತನ್ನ ಕಾಲ ಮೇಲೆ ನಿಂತಿತು, ಅಲ್ಲಿಯವರೆಗೂ ನಮ್ಮ ಇಂಗ್ಲೆಂಡಿನವರ ಹಾಗೆ ಬರೆಯಲು ಒದ್ದಾಡುತ್ತಿದ್ದರು ಎಂದರು. ನಾನು ತಲೆಯಾಡಿಸಿದೆ. ಪರೀಕ್ಷೆಗೆ ನೋಟ್ಸ್ ಬರೆದುಕೊಂಡಷ್ಟೇ ಅರ್ಥವಾಗಿತ್ತು.

ಅಲ್ಲಿಯೇ ಆಂಟಿ ಸಿಕ್ಕಿದ್ದು. ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರು. ನಾನು ಹುಟ್ಟುವ ಮೊದಲೇ ನರ್ಸಾಗಿ ಲಂಡನ್ನಿಗೆ ಬಂದವರು, ಈಗ ರಿಟೈರಾಗಿ ಕ್ವೀನ್ಸ್‌ಬರಿಯಲ್ಲಿ ಒಬ್ಬರೇ ಇದ್ದಾರೆ. ಲೈಬ್ರರಿಯ ಮೆಟ್ಟಿಲಲ್ಲಿ ನಿಂತು ನಾನು ಗದಗದಲ್ಲಿದ್ದ ಅವ್ವನ ಜೊತೆ ಫೋನಿನಲ್ಲಿದ್ದೆ. "ಹೂಂನವಾ, ಆರಾಮ ಅದೀನಿ, ಥಂಡಿ ಭಾಳ ಐತಿ" ಅನ್ನುತ್ತಿದ್ದದ್ದು ಅವರ ಕಿವಿಗೆ ಬಿತ್ತು.

"ಅಯ್ಯೋ, ನೀನು ಕನ್ನಡದವಳಾ? ಊರು ಎಲ್ಲಿ ಆಯ್ತು ಮಾರಾಯ್ತಿ ನಿನಗೆ?" ಎಂದು ಕೈ ಹಿಡಿದುಕೊಂಡರು.

"ಗದಗ ಹತ್ತಿರ ಆಂಟಿ. ನೀವು ಚೆನ್ನಾಗಿದ್ದೀರಾ?" ಎಂದೆ. ಫೋನ್ ಇಟ್ಟ ಕೂಡಲೇ ನನ್ನ ಕನ್ನಡವೂ ಬದಲಾಗಿತ್ತು. ಅದು ನನಗೆ ಅಭ್ಯಾಸವಾಗಿ ಹೋಗಿತ್ತು. ಗಂಡ ಬೆಂಗಳೂರಿನವರು, ಅವರ ಆಫೀಸಿನ ಗೆಳೆಯರೂ ಅಲ್ಲಿಯವರೇ. ಬಂದ ಹೊಸತರಲ್ಲಿ ಒಂದು ಗೆಟ್-ಟುಗೆದರ್‌ನಲ್ಲಿ ನಾನು "ಉಣ್ಣಾಕ ಬರ್ರಿ" ಎಂದಾಗ ಎಲ್ಲರೂ ಸಿನಿಮಾ ಕಾಮಿಡಿ ನೋಡಿದಂತೆ ನಕ್ಕಿದ್ದರು. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಆದರೆ ಮಾರನೇ ದಿನದಿಂದ ನಾನು "ಊಟಕ್ಕೆ ಬನ್ನಿ" ಅನ್ನತೊಡಗಿದ್ದೆ.

ಆಂಟಿ ಮತ್ತು ನಾನು ಪ್ರತಿ ವಾರ ಪಕ್ಕಪಕ್ಕ ಕೂರುತ್ತಿದ್ದೆವು. ಫೆಬ್ರವರಿಯಲ್ಲಿ ಅವರ ಮಂಡಿಯ ಆಪರೇಷನ್ ಆಯಿತು. ಮನೆಯಿಂದ ಹೊರಗೆ ಬರುವಂತಿರಲಿಲ್ಲ. "ಈ ವಾರದ ಕತೆ ಎಂತ? ಬಂದು ಹೇಳಿ ಹೋಗು. ನೋವಿನ ಮಾತ್ರೆ ತಗೊಂಡ್ರೆ ಅಕ್ಷರ ಕಾಣುವುದಿಲ್ಲ" ಎಂದು ಫೋನ್ ಮಾಡಿದರು. ಒಂದು ಡಬ್ಬಿ ಉಪ್ಪಿಟ್ಟು ಕಟ್ಟಿಕೊಂಡು ಹೋದೆ.

ಆ ವಾರದ ಕತೆ ಸರಳವಾಗಿತ್ತು. ಅಮೆರಿಕದ ಬಯಲುಸೀಮೆಯಲ್ಲಿ ಒಬ್ಬ ಮುದುಕ ರೈತ, ಅವನ ಹೆಂಡತಿ. ಆಕೆ ತವರಿನಿಂದ ತಂದ ಹಸುವನ್ನು ಆತ ಕೇಳದೆ ಮಾರಿಬಿಟ್ಟಿದ್ದಾನೆ. ಅಂದಿನಿಂದ ಮಾತಿಲ್ಲ. ಹೊರಗೆ ಕಿಟಕಿ ಮುಚ್ಚುವಷ್ಟು ಹಿಮ, ಒಳಗೆ ಇಬ್ಬರೂ ನಾಯಿಯ ಮೂಲಕ ಮಾತಾಡುತ್ತಾರೆ.

ನಾನು ಶಿಸ್ತಾಗಿ ಶುರುಮಾಡಿದೆ. "ರೈತನು ನಾಯಿಯನ್ನು ನೋಡಿ, ಒಲೆಯಿಂದ ಹೊಗೆ ಬರುತ್ತಿದೆ ಎಂದು ನಿನ್ನ ಯಜಮಾನಿಗೆ ತಿಳಿಸು ಎಂದನು..."

ಆಂಟಿ ಆಕಳಿಸಿದರು. "ಅವನು ರೈತನಾ ಬ್ಯಾಂಕ್ ಮ್ಯಾನೇಜರಾ? ಲೈಬ್ರರಿಯಲ್ಲಿ ಓದುವಾಗ ಹೀಗೆ ಇರ್ಲಿಲ್ಲ ಮಾರಾಯ್ತಿ ಇಂಥವರ ಮಾತು."

"ಮತ್ತೆ ಹೇಗೆ ಹೇಳಲಿ?"

"ನಿನ್ನ ಅಮ್ಮನ ಹತ್ರ ಮಾತಾಡ್ತೀಯಲ್ಲ, ಹಾಗೆ ಹೇಳು."

ನಾಚಿಕೆಯಾಯಿತು. ಆಮೇಲೆ ನಮ್ಮ ಓಣಿಯ ಕಟ್ಟೆಯ ಮೇಲೆ ಕೂರುತ್ತಿದ್ದ ಹಿರಿಯರನ್ನು ನೆನೆಸಿಕೊಂಡು ಬಾಯಿಬಿಟ್ಟೆ. "ಲೇ ನಾಯಿ, ನಿಮ್ಮ ಅಮ್ಮಾರಿಗೆ ಹೇಳು, ಒಲಿ ಹೊಗಿ ಉಗುಳಾಕತ್ತೈತಿ ಅಂತ. ಅದಕ್ಕ ಆಕಿ ಅಂತಾಳ, ನೋಡಪಾ ನಾಯಪ್ಪಾ, ನಿಮ್ಮ ಸಾಹೇಬ್ರಿಗೆ ಹೇಳು, ಹಸಿ ಕಟಗಿ ತಂದು ತುರುಕಿದ್ರ ಹೊಗಿ ಬರದ ಅತ್ತರ ಬರತೈತೇನು ಅಂತ."

ಆಂಟಿ ನಗಲು ಶುರು ಮಾಡಿದರು. "ನಿಲ್ಲಿಸು, ನಿಲ್ಲಿಸು, ಹೊಲಿಗೆ ಬಿಚ್ಚಿ ಹೋದೀತು" ಎಂದು ಮಂಡಿ ಹಿಡಿದುಕೊಂಡರು. ನಾನು ನಿಲ್ಲಿಸಲಿಲ್ಲ. ಆ ಮುದುಕ ಮುದುಕಿ ನನ್ನ ಬಾಯಲ್ಲಿ ಎದ್ದು ಕೂತಿದ್ದರು. ಇಂಗ್ಲಿಷಿನಲ್ಲಿ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದ ಆ ನುಂಗಿದ ಶಬ್ದಗಳು, ಒರಟು ತಮಾಷೆ, ಸಿಟ್ಟಿನ ಒಳಗಿನ ಪ್ರೀತಿ, ಎಲ್ಲಕ್ಕೂ ನನ್ನ ಹತ್ತಿರ ಮಾತು ಇತ್ತು. ಮೇಷ್ಟ್ರು ಹೇಳಿದ್ದು ಆಗ ಅರ್ಥವಾಯಿತು.

ಕೊನೆಗೆ ಆ ನಾಯಿ ಕಾಯಿಲೆ ಬಿದ್ದು ಕೊಟ್ಟಿಗೆಯಲ್ಲಿ ಮಲಗಿಬಿಡುತ್ತದೆ. ಮನೆಯಲ್ಲಿ ಇಬ್ಬರೇ. ಆಕೆ ಎರಡು ಕಪ್ ಕಾಫಿ ತಂದಿಡುತ್ತಾಳೆ. ಆತ ಒಂದು ಗುಟುಕು ಕುಡಿದು, "ಸುಡತೈತಿ" ಅನ್ನುತ್ತಾನೆ. ಕತೆ ಅಲ್ಲಿಗೇ ನಿಲ್ಲುತ್ತದೆ.

"ಆಮೇಲೆ?" ಎಂದರು ಆಂಟಿ.

"ಅಷ್ಟ ಆಂಟಿ."

"ಅಷ್ಟೇ ಅಂದ್ರೆ ಎಂತ? ನಾಯಿ ಬದುಕಿತಾ? ಇವರು ರಾಜಿ ಆದರಾ? ಅರ್ಧಕ್ಕೆ ಬಿಟ್ಟು ಹೋಗಿದ್ದಾರೆ ಈ ಅಮೆರಿಕದವರು!"

"ಆತ ಮಾತಾಡಿದನಲ್ಲ. ನಾಯಿಗಲ್ಲ, ಆಕೀಗೆ."

ಆಂಟಿ ಒಪ್ಪಲಿಲ್ಲ. ಉಪ್ಪಿಟ್ಟು ತಿನ್ನುವಾಗಲೂ ಗೊಣಗುತ್ತಲೇ ಇದ್ದರು. ಆದರೆ ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಹೌದು, ಅದು ಅಲ್ಲಿಗೇ ಮುಗಿಯುವುದು ಸರಿ" ಎಂದರು. ತಾವೂ ತಮ್ಮ ಗಂಡನೂ ಒಮ್ಮೆ ಲೆಂಟಿನ ನಲವತ್ತು ದಿನದ ಉಪವಾಸ ಮುಗಿಯುವವರೆಗೂ ಮಾತು ಬಿಟ್ಟಿದ್ದರಂತೆ. ಯಾವುದಕ್ಕೆಂದು ಈಗ ನೆನಪಿಲ್ಲ. ಈಸ್ಟರ್ ಊಟದ ಹೊತ್ತಿಗೆ ಅವರ ಗಂಡ ಸಾರು ಬಡಿಸಿಕೊಂಡು, "ಉಪ್ಪು ಕಮ್ಮಿ" ಎಂದರಂತೆ. "ನಂಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ? ಅದರ ಮೇಲೆ ಏನು ಹೇಳಿದರೂ ಹಾಳಾಗ್ತಿತ್ತು." ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದರೂ ಆಂಟಿಯ ದನಿಯಲ್ಲಿ ಆ ದಿನದ ಬಿಸಿ ಹಾಗೇ ಇತ್ತು. ನನಗೂ ಕಣ್ಣು ತುಂಬಿತು, ಜೊತೆಗೆ ನಗುವೂ ಬಂತು.

ಆಂಟಿ ಕೋಲು ಹಿಡಿದು ಲೈಬ್ರರಿಗೆ ವಾಪಸು ಬಂದವರೇ ನಾನು ಕನ್ನಡದಲ್ಲಿ ಕತೆ ಹೇಳಿದ್ದನ್ನೆಲ್ಲ ಮೇಷ್ಟ್ರಿಗೆ ಒಪ್ಪಿಸಿಬಿಟ್ಟರು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಮುಂದಿನ ಬುಧವಾರ ಆ ಕತೆಯನ್ನು ನಿಮ್ಮ ಭಾಷೆಯಲ್ಲೇ ಹೇಳಬೇಕು ಎಂದರು. ಯಾರಿಗೂ ಅರ್ಥವಾಗುವುದಿಲ್ಲ ಎಂದೆ. ಎಲ್ಲರೂ ಓದಿದ ಕತೆ ತಾನೇ, ದನಿ ಕೇಳಿಸಿದರೆ ಸಾಕು ಎಂದರು. ವಾರವಿಡೀ ಪಾತ್ರೆ ತೊಳೆಯುತ್ತ ಪ್ರಾಕ್ಟೀಸ್ ಮಾಡಿದೆ. ಮಗಳು ಇಂಗ್ಲಿಷಿನಲ್ಲಿ, ಅಮ್ಮ ಯಾರನ್ನು ಬೈಯುತ್ತಿದ್ದಾಳೆ ಎಂದು ಅಪ್ಪನನ್ನು ಕೇಳಿದಳು.

ಬುಧವಾರ ಎದ್ದು ನಿಂತು ಹೇಳಿದೆ. ನಾಯಿಯ ಹೆಸರೆತ್ತಿ ನಾನು ನೆಲದ ಕಡೆ ನೋಡಿ ಬೈದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಸಿ ಕಟ್ಟಿಗೆಯ ಮಾತಿಗೆ ಎಲ್ಲರೂ ನಕ್ಕರು. ನಗಬೇಕಾದ ಜಾಗಕ್ಕೇ ಸರಿಯಾಗಿ ನಕ್ಕಿದ್ದರು. "ಸುಡತೈತಿ" ಎಂದು ನಾನು ಮುಗಿಸಿದೆ. ಆಮೇಲೆ ಚಪ್ಪಾಳೆ. ಮೂಲೆಯಲ್ಲಿ ಕೂರುತ್ತಿದ್ದ ಒಬ್ಬ ಮುದುಕರು ಮಾತ್ರ, ನನಗೆ ಇಂಗ್ಲಿಷಿನದೇ ಹೆಚ್ಚು ಇಷ್ಟವಾಯಿತು ಎಂದು ಪ್ರಾಮಾಣಿಕವಾಗಿ ಹೇಳಿದರು. ಅದೂ ನನಗೆ ಸಂತೋಷವೇ ಆಯಿತು, ಅಷ್ಟು ಗಮನವಿಟ್ಟು ಹೋಲಿಸಿ ನೋಡಿದ್ದರಲ್ಲ ಎಂದು.

ಈಗ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಆಂಟಿಯ ಮನೆಯಲ್ಲಿ ನಾವು ಕೆಲವರು ಕನ್ನಡದ ಹೆಂಗಸರು ಸೇರುತ್ತೇವೆ. ನಾನು ಒಂದು ಅಮೆರಿಕದ ಕತೆ ಓದಿಕೊಂಡು ಹೋಗಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಮೈಸೂರಿನ ಒಬ್ಬಾಕೆ ಮಧ್ಯೆ ತಡೆದು, "ರೀ, 'ಉಸಾಬರಿ' ಅಂದ್ರೇನ್ರೀ?" ಅನ್ನುತ್ತಾರೆ. ಗೊಡವೆ ಎಂದು ತಿಳಿದ ಮೇಲೆ ಅದನ್ನೇ ಇಡೀ ಮಧ್ಯಾಹ್ನ ಬಳಸುತ್ತಾರೆ. ಯಾರೂ ಗೇಲಿ ಮಾಡುವುದಿಲ್ಲ.

ಹೋದ ಶನಿವಾರ ಹೇಳಿದ್ದು ದಕ್ಷಿಣದ ಪಟ್ಟಣದ ಇಬ್ಬರು ಅಕ್ಕತಂಗಿಯರ ಕತೆ. ದೊಡ್ಡಕ್ಕನದು ತಪ್ಪೋ ಚಿಕ್ಕಾಕೆಯದೋ ಎಂದು ಜಗಳವೇ ಆಯಿತು. ವಾಪಸು ಬಸ್ಸಿನಲ್ಲಿ ಬರುವಾಗಲೂ ಆ ದೊಡ್ಡಕ್ಕನ ಮಾತನ್ನು ಇನ್ನೂ ಖಾರವಾಗಿ ಹೇಳಬಹುದಿತ್ತು ಅನ್ನಿಸಿ, ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಹೇಳಿ ನೋಡುತ್ತಿದ್ದೆ. ಸರಿಯಾದ ಧಾಟಿ ಸಿಗುವಷ್ಟರಲ್ಲಿ ನನ್ನ ಸ್ಟಾಪ್ ದಾಟಿ ಹೋಗಿತ್ತು. ಮುಂದಿನದರಲ್ಲಿ ಇಳಿದು, ಬಿಸಿಲಿದ್ದದ್ದರಿಂದ ಅವಸರವಿಲ್ಲದೆ ನಡೆದು ಬಂದೆ.